ಓ ಅಂದ ಮಾತ್ರಕ್ಕೆ

"ನಿಮ್ಮ ಹುಡುಗ ಪುಣೇದಾಗ ಏನು ಮಾಡ್ತಾನ ಯಕ್ಕಾ?" ಅಂತ ಊರಲ್ಲಿ ಯಾರಾದರೂ ಕೇಳಿದರೆ ಅವ್ವ ಎರಡೇ ಮಾತಿನಲ್ಲಿ ಉತ್ತರ ಮುಗಿಸುತ್ತಿದ್ದಳು: "ಮಷೀನು ಕಾಯ್ತಾನ."

ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಸಾಲ ಮಾಡಿ ಇಂಜಿನಿಯರಿಂಗ್ ಓದಿಸಿದ ಮಗನನ್ನು ಗೋದಾಮಿನ ವಾಚ್‌ಮನ್ ಮಾಡಿಬಿಟ್ಟಳಲ್ಲ ಅಂತ. "ಸಿಸ್ಟಮ್ಸ್ ಇಂಜಿನಿಯರ್ ಅನ್ನಬೇಕವ್ವಾ" ಎಂದು ತಿದ್ದಿ ನೋಡಿದೆ. ನಾಲ್ಕು ಸಲ ಹೇಳಿ ನೋಡಿದಳು, ನಾಲಿಗೆ ಹೊರಳಲಿಲ್ಲ. "ಅಂದ್ರ ಮಷೀನು ಕಾಯೋದ ಅಲ್ಲೇನು?" ಎಂದಳು. ಯೋಚಿಸಿದರೆ ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಮ್ಮದು ಗದಗ ಜಿಲ್ಲೆಯ ರೋಣ ತಾಲೂಕಿನ ಒಂದು ಹಳ್ಳಿ. ಎರೆಭೂಮಿ, ಹಿಂಗಾರಿ ಜೋಳ. ತೆನೆ ಕಾಳು ಕಟ್ಟುವ ಹೊತ್ತಿಗೆ ಅಪ್ಪ ಹೊಲದಲ್ಲಿ ಅಟ್ಟಣಿಗೆ ಹಾಕಿಕೊಂಡು ಕವಣೆ ಹಿಡಿದು ಕೂತಿರುತ್ತಿದ್ದ. ನಾನು ಚಿಕ್ಕವನಿದ್ದಾಗ ಒಮ್ಮೆ, "ಹಕ್ಕಿ ಇಲ್ಲಲ್ಲ ಅಪ್ಪಾ, ಮನಿಗೆ ಹೋಗೂಣು" ಅಂದಿದ್ದೆ. "ಹಕ್ಕಿ ಬಂದಾಗ ಓಡಿಸಾಕ ಯಾರರೆ ಬರ್ತಾರ. ಹಕ್ಕಿ ಇಲ್ಲದಾಗ ಕುಂದರೋದ ಕಾಯೋದು" ಅಂದಿದ್ದ. ಮುಂದೆ ನಾನು ಮಾಡಿದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

2004ರಲ್ಲಿ ಪುಣೆಗೆ ಬಂದೆ. ಹಿಂಜವಡಿಯ ಕಡೆ ಒಂದು ಕಂಪನಿ. ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ ಪಾಳಿ. ದೊಡ್ಡ ಹಾಲು, ಗೋಡೆಗೆ ಪರದೆಗಳು, ಮೈ ನಡುಗುವಷ್ಟು ಏಸಿ. ನಾವು ಕಾಯುತ್ತಿದ್ದ ಮಷೀನುಗಳು ಅಲ್ಲಿರಲಿಲ್ಲ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಇದ್ದವು. ಅವುಗಳ ಮುಖವನ್ನೇ ನಾನು ನೋಡಿರಲಿಲ್ಲ. ಎಲ್ಲೋ ಒಬ್ಬ ಅಂಗಡಿಯವನ ಲೆಕ್ಕ, ಇನ್ನೊಬ್ಬ ವಿಮೆಯವನ ಕಡತ ಅವುಗಳೊಳಗೆ ಓಡುತ್ತಿದ್ದವು. ಅವು ಬಿದ್ದರೆ ನಾವು ಏಳಬೇಕು.

ಸರ್ವರ್ ಅಂದರೆ ಈಗ ಎಲ್ಲರಿಗೂ ಗೊತ್ತು. ರೇಷನ್ ಅಂಗಡಿಯಲ್ಲೂ "ಸರ್ವರ್ ಡೌನ್ ಐತಿ" ಅನ್ನುವ ಕಾಲ. ಕ್ಲಸ್ಟರ್ ಅಂದರೆ ಇಂಥ ಹಲವು ಮಷೀನುಗಳು ಸೇರಿ ಒಂದೇ ಕೆಲಸಕ್ಕೆ ಹೆಗಲು ಕೊಡುವುದು. ನಮ್ಮ ಕಡೆ ಕಣದಲ್ಲಿ ಹಂತಿ ಕಟ್ಟುತ್ತಿದ್ದರಲ್ಲ, ಮೇಟಿಯ ಸುತ್ತ ಸಾಲಾಗಿ ಎತ್ತು ಕಟ್ಟಿ ತುಳಿಸುವುದು, ಹಾಗೆ. ಒಂದೇ ವ್ಯತ್ಯಾಸ. ಹಂತಿಯಲ್ಲಿ ಒಂದು ಎತ್ತು ಕೂತರೆ ಸಾಲೇ ನಿಲ್ಲುತ್ತದೆ. ಕ್ಲಸ್ಟರಿನಲ್ಲಿ ಕೂತ ಎತ್ತಿನ ಕಣ್ಣಿ ತಾನೇ ಬಿಚ್ಚಿಕೊಂಡು ಉಳಿದವು ಸುತ್ತುತ್ತಲೇ ಇರಬೇಕು. ಹೊರಗಿನವರಿಗೆ ಒಂದು ಎತ್ತು ಕೂತದ್ದೇ ತಿಳಿಯಬಾರದು. ಆದರೆ ಕಣ್ಣಿ ಬಿಚ್ಚಬೇಕಾದರೆ ಮೊದಲು ಯಾವ ಎತ್ತು ಕೂತಿತು ಅನ್ನುವುದು ತಿಳಿಯಬೇಕಲ್ಲ. ಇಡೀ ಕಸುಬು ಇರುವುದೇ ಆ ತಿಳಿಯುವುದರಲ್ಲಿ.

ತಿಳಿಯುವುದಕ್ಕೆ ಅತ್ಯಂತ ಹಳೆಯ, ಸರಳ ಉಪಾಯ ಪಿಂಗ್. ಅಮೆರಿಕದ ಸೈನ್ಯದ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಎಂಬಾತ 1983ರ ಡಿಸೆಂಬರಿನಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಅದು. ಜಲಾಂತರ್ಗಾಮಿಗಳು ನೀರಿನೊಳಗೆ ಸದ್ದು ಬಿಟ್ಟು ಮಾರ್ದನಿ ಕೇಳುತ್ತವಲ್ಲ, ಆ ಸದ್ದಿನ ಹೆಸರನ್ನೇ ಇಟ್ಟ. ಇದಕ್ಕೆ ನಮ್ಮಲ್ಲಿ ಹಿಂದಿನಿಂದಲೂ ಒಂದು ಮಾತಿದೆ: ಓಗೊಡುವುದು. ಓಣಿಯ ಆ ತುದಿಯಿಂದ ಅವ್ವ ಹೆಸರು ಹಿಡಿದು ಕೂಗುವುದು, ಈ ತುದಿಯಿಂದ ನಾನು "ಓ" ಅನ್ನುವುದು. ಓ ಅಂದರೆ ಇದ್ದಾನೆ ಅಂತ ಅರ್ಥ.

ನಮ್ಮ ಹಾಲಿನಲ್ಲಿ ಈ ಕೂಗುವ ಕೆಲಸವನ್ನು ನಾಗಿಯೋಸ್ ಎಂಬ ಸಾಫ್ಟ್‌ವೇರ್ ಮಾಡುತ್ತಿತ್ತು. 1999ರಲ್ಲಿ ಅದು ಹುಟ್ಟಿದಾಗ ಹೆಸರು ನೆಟ್‌ಸೇಂಟ್. ಸೇಂಟ್ ಅಂದರೆ ಸಂತ. ಹೆಸರಿನ ತಕರಾರು ಬಂದು 2002ರಲ್ಲಿ ನಾಗಿಯೋಸ್ ಆಯಿತು. "ಸಂತನಾಗುವ ಹಟ ನನಗಿಲ್ಲ" ಅನ್ನುವ ಅರ್ಥ ಬರುವಂತೆ ಅದರ ಅಕ್ಷರಗಳನ್ನು ಜೋಡಿಸಿದ್ದರಂತೆ. ಐದು ನಿಮಿಷಕ್ಕೊಮ್ಮೆ ಅದು ಪ್ರತಿಯೊಂದು ಮಷೀನನ್ನೂ ಕೂಗಿ ಕೇಳುತ್ತಿತ್ತು. ಓಗೊಟ್ಟರೆ ಹಸಿರು. ಎಚ್ಚರ ವಹಿಸಬೇಕಾದರೆ ಹಳದಿ. ಕೆಟ್ಟರೆ ಕೆಂಪು, ಅದೂ ಒಂದೇ ಸಲಕ್ಕೆ ಅಲ್ಲ, ಮೂರು ಸಲ ಕೂಗಿ ನೋಡಿ ಆಮೇಲೆ. ನಾಲ್ಕನೆಯದೊಂದಿತ್ತು, ಕಿತ್ತಳೆ: "ಗೊತ್ತಿಲ್ಲ." ಈ ನಾಲ್ಕನೆಯದನ್ನು ನಾವು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ನಮ್ಮ ಮರ್ಯಾದೆ ಇದ್ದದ್ದು ಒಂಬತ್ತುಗಳಲ್ಲಿ. ಶೇಕಡಾ 99 ಹೊತ್ತು ನಡೆದಿದೆ ಅಂದರೆ ಕೇಳಲು ಭರ್ಜರಿ. ಲೆಕ್ಕ ಹಾಕಿದರೆ ವರ್ಷಕ್ಕೆ ಮೂರೂವರೆ ದಿನಕ್ಕಿಂತ ಹೆಚ್ಚು ಬಾಗಿಲು ಮುಚ್ಚಿದ ಹಾಗೆ. 99.9 ಅಂದರೆ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ. 99.99 ಅಂದರೆ ಸುಮಾರು 52 ನಿಮಿಷ. ಐದು ಒಂಬತ್ತು ಬೇಕೆಂದರೆ ಇಡೀ ವರ್ಷದಲ್ಲಿ ಐದು ನಿಮಿಷ ಚಿಲ್ಲರೆ, ಒಂದು ಲೋಟ ಚಹಾ ಕುಡಿಯುವಷ್ಟು. ನಮ್ಮೂರ ಕರೆಂಟನ್ನು ಈ ಲೆಕ್ಕಕ್ಕೆ ಹಾಕಿದ್ದರೆ ಒಂದು ಒಂಬತ್ತೂ ದಕ್ಕುತ್ತಿರಲಿಲ್ಲವೇನೋ.

ಅಪ್ಪ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದ. ಅಕ್ಕನನ್ನು ಗದಗಿಗೆ ಕೊಟ್ಟಿತ್ತು. ಊರಲ್ಲಿ ಅವ್ವ ಒಬ್ಬಳೇ. ಪುಣೆಗೆ ಬಾ ಅಂದರೆ, "ಅಲ್ಲಿ ನನ್ನ ಜೋಡಿ ಮಾತಾಡವ್ರು ಯಾರು? ನೀ ಹಗಲೆಲ್ಲಾ ಮಲಗಾಂವ" ಅನ್ನುತ್ತಿದ್ದಳು. ಅದೂ ಖರೆ. 2006ರ ಯುಗಾದಿಗೆ ಹೋದಾಗ ಒಂದು ಮೊಬೈಲು ಕೊಡಿಸಿ ಬಂದೆ. ಆ ವರ್ಷದ ಮಾರ್ಚಿನಲ್ಲಿ ಬಿಎಸ್ಸೆನ್ನೆಲ್‌ನವರು ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದೇ ರೂಪಾಯಿ ಅನ್ನುವ ಯೋಜನೆ ತಂದಿದ್ದರು. ಆದರೆ ಅವ್ವನ ಲೆಕ್ಕದಲ್ಲಿ ರೂಪಾಯಿಗೆ ಇನ್ನೂ ರೂಪಾಯಿಯ ಬೆಲೆಯಿತ್ತು. ಅದಕ್ಕೆ ನಾನೇ ಒಂದು ವ್ಯವಸ್ಥೆ ಮಾಡಿದೆ: ದಿನಾ ರಾತ್ರಿ ಒಂಬತ್ತಕ್ಕೆ ಅವಳು ಒಂದು ಮಿಸ್ ಕಾಲ್ ಕೊಡಬೇಕು. ನಾನು ಎತ್ತುವುದಿಲ್ಲ. ರಿಂಗಾದರೆ ಎಲ್ಲ ಕ್ಷೇಮ ಅಂತ ತಿಳಿಯುವುದು. ರವಿವಾರ ಬೆಳಿಗ್ಗೆ ಪಾಳಿ ಮುಗಿಸಿ ನಾನೇ ಫೋನು ಮಾಡುವುದು, ಐದು ನಿಮಿಷ ಮಾತು.

ಇದು ನನ್ನ ತಲೆಯಿಂದ ಬಂದ ಉಪಾಯವಲ್ಲ, ಆಫೀಸಿನದು. ಕ್ಲಸ್ಟರಿನಲ್ಲಿ ಎರಡು ಮಷೀನು ಜೋಡಿಯಾಗಿದ್ದರೆ ಒಂದು ದುಡಿಯುತ್ತದೆ, ಇನ್ನೊಂದು ಕಾದು ಕೂತಿರುತ್ತದೆ. ದುಡಿಯುವುದು ಕ್ಷಣಕ್ಷಣಕ್ಕೂ "ಇದ್ದೀನಿ, ಇದ್ದೀನಿ" ಎಂದು ಸಂದೇಶ ಕಳಿಸುತ್ತಿರುತ್ತದೆ. ಅದಕ್ಕೆ ಹಾರ್ಟ್‌ಬೀಟ್, ಎದೆಬಡಿತ ಅಂತಲೇ ಹೆಸರು. ಬಡಿತ ನಿಂತರೆ ಕಾದು ಕೂತದ್ದು ಎದ್ದು ನೊಗಕ್ಕೆ ಹೆಗಲು ಕೊಡುತ್ತದೆ. ಅವ್ವನ ಮಿಸ್ ಕಾಲ್ ನನಗೆ ದಿನಕ್ಕೊಮ್ಮೆ ಬರುವ ಎದೆಬಡಿತ. ಕ್ಯಾಬಿಗೆ ಕಾಯುತ್ತ ನಿಂತಾಗ ಕಿಸೆಯಲ್ಲಿ ಒಂದು ಸಲ ಗುರ್ ಅಂದು ನಿಲ್ಲುತ್ತಿತ್ತು. ಆಯಿತು, ಹಸಿರು.

ಆ ವರ್ಷ ಜುಲೈಯಲ್ಲಿ ಆಫೀಸಿನಲ್ಲಿ ಒಂದು ಅನಾಹುತವಾಯಿತು. ಇಂಗ್ಲೆಂಡಿನ ಗಿರಾಕಿಯೊಬ್ಬರ ಆರ್ಡರ್ ತೆಗೆದುಕೊಳ್ಳುವ ಕ್ಲಸ್ಟರು. ಪರದೆಯ ಮೇಲೆ ಎಲ್ಲ ಹಸಿರು. ಪಿಂಗಿಗೆ ಓ ಅನ್ನುತ್ತಿದೆ, ಎದೆಬಡಿತ ಸರಿಯಿದೆ. ನಾವು ಚಹಾ ಕುಡಿಯುತ್ತ ಕೂತಿದ್ದೇವೆ. ಎರಡು ಗಂಟೆಯ ಮೇಲೆ ಗಿರಾಕಿಯಿಂದಲೇ ಫೋನು ಬಂತು: ಎರಡು ಗಂಟೆಯಿಂದ ಒಂದೂ ಆರ್ಡರ್ ದಾಖಲಾಗಿಲ್ಲ! ನೋಡಿದರೆ ದುಡಿಯುವ ಮಷೀನಿನ ಡಿಸ್ಕ್ ತುಂಬಿಹೋಗಿತ್ತು. ಬರೆದುಕೊಳ್ಳಲು ಜಾಗವಿಲ್ಲ. ಆದರೆ ಎದೆಬಡಿತ ಕಳಿಸುವ ಪ್ರೋಗ್ರಾಂ ಡಿಸ್ಕಿನ ಹಂಗಿಲ್ಲದೆ, ಮೆಮೊರಿಯಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಎಷ್ಟೇ ಗದ್ದಲವಿದ್ದರೂ ತನ್ನ ಬಡಿತ ತಪ್ಪಬಾರದು ಅಂತ ಅದನ್ನು ಮಾಡಿರುವುದೇ ಹಾಗೆ. ಹಾಗಾಗಿ ಮೈಯೆಲ್ಲ ಸತ್ತಿದ್ದರೂ ಅದೊಂದು ಮಾತ್ರ "ಇದ್ದೀನಿ, ಇದ್ದೀನಿ" ಅನ್ನುತ್ತಲೇ ಇತ್ತು. ಕಾದು ಕೂತ ಎರಡನೆಯ ಮಷೀನು ಅದನ್ನು ನಂಬಿ ಏಳಲೇ ಇಲ್ಲ.

ಆ ಘಟನೆಯ ವರದಿ ಬರೆದವನು ನಾನೇ. ಏನು ಬರೆದಿದ್ದೆ ಅನ್ನುವುದು ಇವತ್ತಿಗೂ ನೆನಪಿದೆ: ಮಷೀನು ಉತ್ತರಿಸಿತು ಅಂದ ಮಾತ್ರಕ್ಕೆ ಕೆಲಸ ಮಾಡುತ್ತಿದೆ ಅಂತ ತಿಳಿಯಬಾರದು; ಅದರಿಂದ ಕೆಲಸ ಮಾಡಿಸಿಯೇ ನೋಡಬೇಕು. ಆಮೇಲೆ ನಾವು ಒಬ್ಬ ಸುಳ್ಳು ಗಿರಾಕಿಯನ್ನು ಹುಟ್ಟಿಸಿದೆವು. ಐದು ನಿಮಿಷಕ್ಕೊಮ್ಮೆ ಅವನು ಬಂದು ಲಾಗಿನ್ ಆಗಿ, ಒಂದು ಸಾಮಾನು ಹುಡುಕಿ, ಬುಟ್ಟಿಗೆ ಹಾಕಿ, ಆರ್ಡರ್ ಮಾಡಿ, ರದ್ದು ಮಾಡಿ ಹೋಗುತ್ತಿದ್ದ. ಇಷ್ಟೂ ಆದರೆ ಮಾತ್ರ ಹಸಿರು. ಮ್ಯಾನೇಜರ್ ನನ್ನ ವರದಿಯನ್ನು ಹೊಗಳಿದರು. ನಾನೂ ಬೀಗಿದೆ.

ಅದೇ ದಿನಗಳಲ್ಲಿ ಊರಲ್ಲಿ ಏನಾಗುತ್ತಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ.

ಆಗಸ್ಟ್ ಕೊನೆಗೆ ಗಣಪತಿ ಬಂತು. ಪುಣೆಯವರಿಗೆ ಗಣಪತಿ ಅಂದರೆ ಜೀವ; ಜೊತೆಯವರೆಲ್ಲ ರಜೆ ಕೇಳಿದರು. ನಾನು ಹತ್ತು ರಾತ್ರಿ ಅವರ ಪಾಳಿಯನ್ನೂ ಕಾದು, ಬದಲಿಗೆ ದಸರೆಗೆ ರಜೆ ತೆಗೆದುಕೊಂಡೆ. ಅಕ್ಟೋಬರ್ ಒಂದರ ರಾತ್ರಿ ಸ್ವಾರಗೇಟಿನಲ್ಲಿ ನಮ್ಮ ಬಸ್ಸು ಹತ್ತಿ, ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಿ ಹುಬ್ಬಳ್ಳಿಯಲ್ಲಿ ಇಳಿದು, ಗದಗ ಹಿಡಿದು, ಮರುದಿನ ಮಧ್ಯಾಹ್ನದೊಳಗೆ ಮನೆ ಮುಟ್ಟಿದೆ. ಹಬ್ಬದ ದಿನ. ಬನ್ನಿ ಮುಡಿಯುವ ದಿನ. ಅವ್ವ ಹೊರಸಿನ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಏಳಲು ಹೋದಳು. ಗೋಡೆ ಹಿಡಿದು, ಮೊಣಕಾಲು ಹಿಡಿದು, ಮೂರು ಸಲಕ್ಕೆ ಎದ್ದಳು. ನೀರು ಕೊಡಲು ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಬೆರಳ ಗಿಣ್ಣುಗಳು ಬಾತಿದ್ದವು.

ಒಳಗೆ ಹೋದೆ. ರೊಟ್ಟಿ ಹಂಚಿನ ಮೇಲೆ ಧೂಳು ಕೂತಿತ್ತು. ಒಲೆಯ ಮೇಲೆ ಅನ್ನದ ಡಬರಿ. ನಮ್ಮ ಕಡೆಯವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಜೋಳದ ನಾಡಿನಲ್ಲಿ ದಿನಾ ಬರೀ ಅನ್ನ ಬೇಯುತ್ತಿದೆ ಅಂದರೆ ಆ ಮನೆಯಲ್ಲಿ ರೊಟ್ಟಿ ಬಡಿಯುವ ಕೈ ಸೋತಿದೆ ಅಂತ.

ಚಿಕುನ್‌ಗುನ್ಯಾ. ಮೂರು ದಶಕಗಳ ನಂತರ ದೇಶಕ್ಕೆ ಮರಳಿ ಬಂದಿದ್ದ ಆ ಜ್ವರ 2006ರಲ್ಲಿ ನಮ್ಮ ರಾಜ್ಯವನ್ನೇ ಹೆಚ್ಚು ಹಿಂಡಿತು. ಏಳು ಲಕ್ಷಕ್ಕೂ ಮಿಕ್ಕಿ ಶಂಕಿತ ಪ್ರಕರಣಗಳು ಆ ಒಂದು ವರ್ಷ ಕರ್ನಾಟಕದಲ್ಲೇ ದಾಖಲಾದವು. ಹಗಲು ಕಚ್ಚುವ ಸೊಳ್ಳೆ ಅದು, ತುಂಬಿಟ್ಟ ತಿಳಿನೀರಿನಲ್ಲಿ ಬೆಳೆಯುತ್ತದೆ. ನೀರು ಯಾವಾಗ ಬರುತ್ತದೋ ಎಂದು ಹರವಿ, ಹಂಡೆ, ಡ್ರಮ್ಮು ತುಂಬಿಡುವ ನಮ್ಮೂರುಗಳು ಅದಕ್ಕೆ ತವರು ಮನೆಯಾದವು. ಜ್ವರ ವಾರದಲ್ಲಿ ಇಳಿಯುತ್ತದೆ, ಕೀಲುನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಅವ್ವ ಬಿದ್ದದ್ದು ಆಗಸ್ಟ್ ಮೊದಲ ವಾರ.

"ಯಾಕ ಹೇಳಲಿಲ್ಲ ನನಗ?"

"ಹೇಳಿದ್ರ ನೀ ಏನು ಮಾಡಾಂವ? ಕೆಲಸ ಬಿಟ್ಟು ಓಡಿ ಬರಾಂವ. ಊರಿಗೆ ಊರ ಮಲಗಿತ್ತಪಾ, ನಾ ಒಬ್ಬಾಕಿ ಏನಲ್ಲ."

"ಅಕ್ಕನರೆ ಹೇಳಬಾರದಿತ್ತಾ?"

"ಆಕಿಗೆ ನಾನ ಆಣಿ ಹಾಕಿದ್ದೆ."

"ದಿನಾ ಮಿಸ್ ಕಾಲ್ ಬರ್ತಿತ್ತಲ್ಲ ಮತ್ತ?"

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಹುಡುಗಿ, ಎಂಟನೇ ಇಯತ್ತೆ ಓದುತ್ತಿದ್ದವಳು, ನಾಚುತ್ತ ಹೇಳಿದಳು: "ಅದು ನಾನ್ರೀ ಅಣ್ಣಾ. ದಿನಾ ಒಂಬತ್ತಕ್ಕ. ಒಂದಿನಾನೂ ತಪ್ಪಿಸಿಲ್ರೀ."

ಆ ಹುಡುಗಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು. ಎರಡು ತಿಂಗಳಲ್ಲಿ ಒಂದು ದಿನವೂ ತಪ್ಪಿಲ್ಲ, ನೂರಕ್ಕೆ ನೂರು. ನನ್ನ ಮುಖಕ್ಕೆ ರಾಚಿದ್ದು ಬೇರೆ. ಎಂಟು ರವಿವಾರ ನಾನು ಅವ್ವನ ಜೊತೆ ಮಾತೂ ಆಡಿದ್ದೆ. "ಆರಾಮ ಅದೀ?" "ಆರಾಮ ಅದೀನಿ. ನೀ?" "ನಾನೂ ಆರಾಮ." ಮುಗಿಯಿತು. ನಾನು ಫೋನು ಮಾಡುತ್ತಿದ್ದದ್ದು ಬೆಳಿಗ್ಗೆ ಎಂಟಕ್ಕೆ, ಅವಳು ಒಲೆಯ ಮುಂದೆ ಕೂತಿರುತ್ತಿದ್ದ ಹೊತ್ತು. ಮೊದಲೆಲ್ಲ ಮಾತಿನ ಹಿಂದೆ ಪಟಪಟ ರೊಟ್ಟಿ ಬಡಿಯುವ ಸಪ್ಪಳ ಇರುತ್ತಿತ್ತು. ಎಂಟು ವಾರ ಆ ಸಪ್ಪಳ ಇರಲಿಲ್ಲ. ಅದು ಇಲ್ಲ ಅನ್ನುವುದನ್ನು ನಾನು ಕೇಳಿಸಿಕೊಂಡಿರಲಿಲ್ಲ. ಎಲ್ಲಿಯದೋ ಅಂಗಡಿಗೆ ಐದು ನಿಮಿಷಕ್ಕೊಮ್ಮೆ ಸುಳ್ಳು ಗಿರಾಕಿಯನ್ನು ಕಳಿಸಿ ವಿಚಾರಿಸುತ್ತಿದ್ದವನು ಅವ್ವನ ಓ ಒಂದನ್ನೇ ನಂಬಿ ಕೂತಿದ್ದೆ.

ರಜೆ ಮುಗಿಸಿ ಹೊರಡುವಾಗ, ಇನ್ನು ಮೇಲೆ "ಆರಾಮ ಅದೀ?" ಅಂತ ಕೇಳುವುದಿಲ್ಲ ಎಂದುಕೊಂಡೆ. ಪುಣೆಗೆ ಬಂದ ಮೊದಲ ರವಿವಾರ ಕೇಳಿದೆ: "ಅವ್ವಾ, ಇವತ್ತು ಎಷ್ಟು ರೊಟ್ಟಿ ಬಡದಿ?"

"ಯಾಕಪಾ, ಪುಣೇದಾಗ ರೊಟ್ಟಿ ಅಂಗಡಿ ಇಡಾಂವ ಏನು?" ಎಂದು ನಕ್ಕಳು. ಆಮೇಲೆ ಸಣ್ಣಗೆ, "ಒಂದೂ ಇಲ್ಲ" ಅಂದಳು. ಅದು ಅವಳು ನನಗೆ ಕೊಟ್ಟ ಮೊದಲ ನಿಜವಾದ ವರದಿ. ನವೆಂಬರಿನಲ್ಲಿ ಎರಡಾಯಿತು. ಎಳ್ಳಮಾಸಿಗೆ ನಾಲ್ಕು. ಮರುವರ್ಷದ ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಿಸಿದರೆ ಹನ್ನೊಂದು! "ಕೇಳು" ಎಂದು ಫೋನನ್ನು ಒಲೆಯ ಪಕ್ಕ ಇಟ್ಟಳು. ಕೇಳಿದೆ. ಅವತ್ತು ಹಾಸಿಗೆ ಹಾಸಿ ಮಲಗಿದವನು ಮಧ್ಯಾಹ್ನ ಎರಡರವರೆಗೆ ಏಳಲಿಲ್ಲ.

ಇದು ಓ ಅಂದೂ ಕ್ಷೇಮವಿಲ್ಲದ ಕಥೆ. ಇದರ ಎದುರಿನದೂ ಒಂದಿದೆ.

2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಸಮುದ್ರದಡಿಯ ಎರಡು ಕೇಬಲ್ಲುಗಳು ತುಂಡಾದವು. ಭಾರತದಿಂದ ಯುರೋಪಿನ ಕಡೆಗಿನ ಇಂಟರ್ನೆಟ್ಟಿನ ದೊಡ್ಡ ಪಾಲು ಅವುಗಳ ಮೇಲೆಯೇ ಹೋಗುತ್ತಿತ್ತು. ನಮ್ಮ ಗೋಡೆಯಲ್ಲಿ ಲಂಡನ್ನಿನ ಸಾಲಿಗೆ ಸಾಲೇ ಕೆಂಪಾಯಿತು. ಹೊಸ ಹುಡುಗನೊಬ್ಬ ಎಲ್ಲ ಮಷೀನು ಸತ್ತವು ಅಂತ ಕೂಗಿಕೊಂಡ. ಸತ್ತಿರಲಿಲ್ಲ, ಅಲ್ಲಿ ಅವು ತಣ್ಣಗೆ ದುಡಿಯುತ್ತಿದ್ದವು. ಮುರಿದದ್ದು ನಡುವಿನ ದಾರಿ. ಕ್ಲಸ್ಟರಿನೊಳಗೇ ಹೀಗಾದರೆ ಇನ್ನೂ ಅಪಾಯ: ಎರಡು ಮಷೀನುಗಳ ನಡುವಿನ ತಂತಿ ಮಾತ್ರ ಹರಿದರೆ ಎರಡೂ "ಅವನು ಸತ್ತ, ಯಜಮಾನಿಕೆ ನನ್ನದು" ಅಂದುಕೊಂಡು ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯತೊಡಗುತ್ತವೆ. ಅದನ್ನು ತಡೆಯಲು, ಅನುಮಾನ ಬಂದರೆ ಎದುರಿನದರ ಕರೆಂಟು ತೆಗೆದು ಕೆಡವು ಅನ್ನುವ ನಿಯಮವಿದೆ. ಅದಕ್ಕಿಂತ ಮಾನವಂತ ಉಪಾಯ, ಇಬ್ಬರ ಬದಲು ಮೂವರನ್ನೋ ಐವರನ್ನೋ ಇಟ್ಟು ಹೆಚ್ಚು ಮತ ಯಾವ ಕಡೆಗೋ ಆ ಕಡೆ ನಿಲ್ಲುವುದು. ನಮ್ಮ ಹಿರಿಯರು ಪಂಚರನ್ನು ಐವರೇ ಯಾಕೆ ಮಾಡಿದರು ಅನ್ನುವುದು ನನಗೆ ಅಲ್ಲಿ ಹೊಳೆಯಿತು.

ಮರುವರ್ಷ, 2009ರ ಸೆಪ್ಟೆಂಬರ್ ಕೊನೆಗೆ, ಉತ್ತರ ಕರ್ನಾಟಕದ ಮೇಲೆ ಮುಗಿಲು ಹರಿದು ಬಿತ್ತು. ಇನ್ನೂರಕ್ಕೂ ಹೆಚ್ಚು ಜನ ಸತ್ತ ನೆರೆ ಅದು. ನಮ್ಮೂರು ಹೊಳೆಯ ದಂಡೆಯಲ್ಲಿಲ್ಲ, ಆದರೆ ಮಣ್ಣಿನ ಮಾಳಿಗೆಯ ಮನೆಗಳು. ಮೂರು ದಿನ ಬಿಡದೆ ಮಳೆ ಹೊಡೆದರೆ ಮೇಲ್ಮುದ್ದೆ ನೀರು ಕುಡಿದು ಗೋಡೆಯನ್ನೇ ಕೂರಿಸುತ್ತದೆ. ಅವತ್ತು ರಾತ್ರಿ ಒಂಬತ್ತಾಯಿತು, ಹತ್ತಾಯಿತು, ಮಿಸ್ ಕಾಲ್ ಬರಲಿಲ್ಲ. ನಾನೇ ಮಾಡಿದೆ: ಸ್ವಿಚ್ ಆಫ್. ಪಕ್ಕದ ಮನೆಗೆ ಮಾಡಿದೆ, ಇಲ್ಲ. ಗಿರಣಿಯವರಿಗೆ ಮಾಡಿದೆ, ಇಲ್ಲ. ಗದಗಿನ ಅಕ್ಕ ಸಿಕ್ಕಳು. ಅವಳಿಗೂ ಸುದ್ದಿಯಿಲ್ಲ, ಹಳ್ಳ ತುಂಬಿ ರಸ್ತೆ ಬಂದಾಗಿದೆ ಅಂದಳು.

ಟೀವಿಯಲ್ಲಿ ಕುಸಿದ ಮನೆಗಳನ್ನು ತೋರಿಸುತ್ತಿದ್ದರು. ಮನಸ್ಸು ಕೆಂಪು, ಕೆಂಪು ಅನ್ನುತ್ತಿತ್ತು. ಆಗ ಆ ನಾಲ್ಕನೆಯ ಬಣ್ಣ ನೆನಪಾಯಿತು: ಗೊತ್ತಿಲ್ಲ. ಕೆಂಪಲ್ಲ, ಹಸಿರೂ ಅಲ್ಲ, ಗೊತ್ತಿಲ್ಲ. ಊರಿಗೆ ಊರೇ ಓಗೊಡುತ್ತಿಲ್ಲ ಅಂದರೆ ಬಿದ್ದದ್ದು ಟವರು, ಅವ್ವನೇ ಬಿದ್ದಿರಬೇಕೆಂದಿಲ್ಲ. ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತ ಎರಡು ದಿನ ಕಳೆದೆ. ಹೇಳಿಕೊಳ್ಳುವುದು ಸುಲಭ, ಎರಡೂ ದಿನ ತುತ್ತು ಒಳಗಿಳಿಯಲಿಲ್ಲ. ಮೂರನೆಯ ದಿನ ಭಾವ ಟ್ರ್ಯಾಕ್ಟರಿನಲ್ಲಿ ಹಳ್ಳ ದಾಟಿ ಹೋಗಿ ನೋಡಿ ಬಂದು ಗದಗಿನಿಂದ ಫೋನು ಮಾಡಿದ: "ಹಿಂದಿನ ಗ್ವಾಡಿ ಬಿದ್ದೈತಿ. ಫೋನು ಅದರ ಕೆಳಗೈತಿ. ನಿಮ್ಮವ್ವ ಸಾಲಿಯೊಳಗ ಅದಾಳ."

"ಹೆಂಗದಾಳ?"

"ಹೆಂಗದಾಳ ಅಂದ್ರ? ಗಂಜಿ ಕೇಂದ್ರದಾಗ ಕುಂತು ಮಂದಿಗೆಲ್ಲಾ ರೊಟ್ಟಿ ಬಡ್ಯಾಕ ಹತ್ತ್ಯಾಳ."

ನಾನು ಕೇಳದೆಯೇ ಭಾವ ಅದನ್ನೇ ಹೇಳಿದ. ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತೆ ಅಂತ ಹೇಳಲು ನನಗೇನೂ ನಾಚಿಕೆಯಿಲ್ಲ.

ಇಷ್ಟು ದಿನ ನಾನು ಅವ್ವನನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಕಾಯುವವನನ್ನು ಕಾಯುವವರು ಯಾರು ಅನ್ನುವುದು ನಮ್ಮ ಕಸುಬಿನ ಹಳೆಯ ಪ್ರಶ್ನೆ. ನಾಗಿಯೋಸ್ ಇರುವ ಮಷೀನೇ ಬಿದ್ದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಗೋಡೆ ನಿಶ್ಶಬ್ದವಾಗಿ ಚೆಂದ ಕಾಣುತ್ತದೆ. ಅದಕ್ಕೆ ಬೇರೆ ಊರಲ್ಲಿ ಒಂದು ಪುಟ್ಟ ಮಷೀನು ಇಟ್ಟು, ಇದು ಎದ್ದಿದೆಯೋ ಇಲ್ಲವೋ ಅನ್ನುವುದೊಂದನ್ನೇ ಅದರಿಂದ ನೋಡಿಸುತ್ತೇವೆ.

2011ರ ಹೊತ್ತಿಗೆ ರಾತ್ರಿ ಪಾಳಿಗೆ ಏಳು ವರ್ಷ. ಒಂದೊಂದು ರಾತ್ರಿ ಮುನ್ನೂರು, ನಾನೂರು ಎಚ್ಚರಿಕೆಯ ಮೇಲುಗಳು, ಬಹುಪಾಲು ಹುಸಿ. ಮೊದಲು ಎಲ್ಲ ಓದುತ್ತಿದ್ದವನು ಆಮೇಲೆ ಎಲ್ಲವನ್ನೂ ಒಂದು ಫೋಲ್ಡರಿಗೆ ತಳ್ಳುವ ವ್ಯವಸ್ಥೆ ಮಾಡಿಕೊಂಡೆ. ತೋಳ ಬಂತು ತೋಳ ಅನ್ನುವ ಹುಡುಗನ ಕಥೆಯಲ್ಲಿ ಊರವರದು ತಪ್ಪೆಂದು ಯಾರೂ ಹೇಳುವುದಿಲ್ಲ, ನೋಡಿ. ನಿದ್ದೆ ಇಲ್ಲ, ಊಟದ ಹೊತ್ತಿಲ್ಲ, ಮೈ ಇಳಿದಿತ್ತು. ಯಾರು ಕೇಳಿದರೂ "ಫಸ್ಟ್ ಕ್ಲಾಸ್" ಅನ್ನುತ್ತಿದ್ದೆ. ಒಂದು ರವಿವಾರ ನಾನು ರೊಟ್ಟಿಯ ಲೆಕ್ಕ ಕೇಳುವ ಮೊದಲೇ ಅವ್ವ ಕೇಳಿದಳು: "ನೀ ನಿನ್ನೆ ರಾತ್ರಿ ಎಷ್ಟು ರೊಟ್ಟಿ ತಿಂದಿ?"

ಪುಣೆಯಲ್ಲಿ ನಮ್ಮ ಜೋಳದ ರೊಟ್ಟಿಗೇನೂ ಬರವಿಲ್ಲ. ಅಲ್ಲಿ ಭಾಕರಿ ಅಂತಾರೆ, ಅಷ್ಟೇ. ಮನೆ ಮಾಲಕರ ಹೆಂಡತಿಯೇ ಮಾಡಿಕೊಡುತ್ತಿದ್ದರು. ಆದರೆ ನಾನು ತಿಂಗಳಿಂದ ವಡಾಪಾವು, ಚಹಾದ ಮೇಲೆ ಇದ್ದೆ. "ಮೂರು" ಅಂದೆ.

"ಯಾ ಪಲ್ಯದ ಜೋಡಿ?"

ಒಂದು ಕ್ಷಣ ತಡವರಿಸಿದೆ. ಸುಳ್ಳನ್ನು ಪೂರ್ತಿ ಕಟ್ಟಿರಲಿಲ್ಲ. ಅಷ್ಟೇ ಸಾಕಾಯಿತು. "ನಿನ್ನ ದನಿ ನಡುನಡುವ ನಿಂದರ್ತೈತಿ. ಸುಳ್ಳ ಯಾಕ ಹೇಳ್ತಿ?" ಅಂದಳು. ಆ ವರ್ಷವೇ ಹಗಲು ಪಾಳಿ ಕೇಳಿ ತೆಗೆದುಕೊಂಡೆ. ಕೈಗೆ ಅಧಿಕಾರ ಬಂದ ಮೇಲೆ ಮಾಡಿದ ಮೊದಲ ಕೆಲಸ, ಹುಸಿ ಎಚ್ಚರಿಕೆಗಳನ್ನು ಒಂದೊಂದಾಗಿ ತೆಗೆದದ್ದು. ಮನುಷ್ಯ ಎದ್ದು ಈಗಿಂದೀಗ ಏನಾದರೂ ಮಾಡಬೇಕಾದ ಸಂಗತಿಯಿದ್ದರೆ ಮಾತ್ರ ಅವನನ್ನು ಎಬ್ಬಿಸಬೇಕು. ಉಳಿದದ್ದನ್ನು ಬೆಳಿಗ್ಗೆ ನೋಡಿದರಾಯಿತು.

ಈಗ ಸಲಕರಣೆಗಳು ಬದಲಾಗಿವೆ. ಎಲ್ಲ ಕಡೆ ಪ್ರೊಮಿಥಿಯಸ್, ಗ್ರಾಫಾನಾ. ಗೋಡೆಯ ತುಂಬ ಬಣ್ಣಬಣ್ಣದ ಗೆರೆಗಳು. 2016ರಲ್ಲಿ ಗೂಗಲ್ಲಿನವರು ತಮ್ಮ ಅನುಭವವನ್ನೆಲ್ಲ ಪುಸ್ತಕ ಮಾಡಿ, ನಾಲ್ಕು ಸಂಗತಿ ಅಳೆಯಿರಿ ಅಂದರು: ಉತ್ತರ ಎಷ್ಟು ತಡವಾಗುತ್ತಿದೆ, ಎಷ್ಟು ಕೆಲಸ ಬರುತ್ತಿದೆ, ಎಷ್ಟು ತಪ್ಪುತ್ತಿದೆ, ಇನ್ನೆಷ್ಟು ತಾಳುವ ಶಕ್ತಿ ಉಳಿದಿದೆ. ಓದುತ್ತ ನನಗೆ ನಗು ಬಂತು. ದನಿ ನಡುವೆ ನಿಲ್ಲುವುದು, ರೊಟ್ಟಿಯ ಎಣಿಕೆ, ಪಲ್ಯದ ಹೆಸರು ತಪ್ಪುವುದು: ಮೂರನ್ನಂತೂ ಅವ್ವ ಒಂದೇ ಫೋನಿನಲ್ಲಿ ಅಳೆದಿದ್ದಳು. ಹೊಸ ಹುಡುಗರಿಗೆ ಪಾಠ ಹೇಳುವಾಗ ನಾನು ಇನ್ನೊಂದು ಸೇರಿಸುತ್ತೇನೆ: ಎಲ್ಲ ಮಷೀನಿಗೂ ಒಂದೇ ಗೆರೆ ಎಳೆಯಬೇಡಿ. ಹಳೆಯ ಮಷೀನಿಗೆ ಅದರದೇ ಹದ ಇರುತ್ತದೆ. ಹೊಸದು ಹತ್ತು ಮಾಡುವಲ್ಲಿ ಅದು ಎರಡು ಮಾಡಿದರೂ ಅದರ ಮಟ್ಟಿಗೆ ಅದು ಹಸಿರೇ.

ಅವ್ವನಿಗೆ ಈಗ ಎಪ್ಪತ್ತೈದು ದಾಟಿದೆ. ಗದಗಿನಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ಮಿಸ್ ಕಾಲಿನ ಕಾಲ ಮುಗಿಯಿತು. ಮಾತಿಗೆ ದುಡ್ಡಿಲ್ಲ, ಮುಖವೇ ಕಾಣುತ್ತದೆ. ಮುಖ ಕಂಡರೂ ನಾನು ನಂಬುವುದಿಲ್ಲ. ವೀಡಿಯೊ ಕಾಲ್ ಅಂದರೆ ಅವಳು ತಲೆ ಬಾಚಿ, ಕುಂಕುಮ ಸರಿ ಮಾಡಿಕೊಂಡೇ ಕೂರುತ್ತಾಳೆ. ಹಾಗಾಗಿ ರವಿವಾರದ ಪ್ರಶ್ನೆ ಹಾಗೇ ಉಳಿದಿದೆ. ಮನೆಯ ರೊಟ್ಟಿಯೆಲ್ಲ ಅಕ್ಕನೇ ಮಾಡುತ್ತಾಳೆ. ಆದರೆ ಕೊನೆಯ ಎರಡು ಹಿಟ್ಟಿನ ಉಂಡೆಯನ್ನು ಅವ್ವನಿಗೆಂದು ಬಿಡುತ್ತಾಳೆ.

"ಎಷ್ಟು ಬಡದೀಬೇ?"

"ಎರಡು."

"ಖರೇನ?"

"ತಡಿ," ಎಂದು ಅವ್ವ ಫೋನನ್ನು ಒಲೆಯ ಕಟ್ಟೆಗೆ ಆನಿಸಿಡುತ್ತಾಳೆ. ಪರದೆಯ ಮೇಲೆ ಈಗ ಅಡಿಗೆ ಮನೆಯ ಸೂರು ಮಾತ್ರ ಕಾಣುತ್ತದೆ. ನಡುವೆ ಬಿಟ್ಟು ಬಿಟ್ಟು, ದಣಿವಾರಿಸಿಕೊಂಡು, ಪ‌ಟ್ ಪಟ್ ಅಂತ ಕೈ ಬಡಿಯುತ್ತದೆ.

"ಸಪ್ಪಳ ಕೇಳಸ್ತೇನು?"

"ಕೇಳಸ್ತವ್ವಾ."